ದೆವ್ವದ ಸಿನಿಮಾದಲ್ಲಿ ನಮ್ಮವ್ವ

ನಮ್ಮವ್ವನ ಒಂದೇ ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ. ಹೀಗೆಂದರೆ ಇವತ್ತಿನ ಹುಡುಗರು ನನ್ನ ಮುಖ ನೋಡುತ್ತಾರೆ. ಬೆಳಿಗ್ಗೆ ತಿಂದ ಉಪ್ಪಿಟ್ಟಿಗೂ ಫೋಟೋ ತೆಗೆಯುವವರಿಗೆ ಇದು ಹೇಗೆ ತಿಳಿಯಬೇಕು. ಫೋಟೋ ತೆಗೆಸಿದರೆ ಆಯುಷ್ಯ ಸವೆಯುತ್ತದೆ ಎಂದು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಗಟ್ಟಿಯಾಗಿ ನಂಬಿದ್ದಳು. ಬೈಲಹೊಂಗಲದ ಪೇಟೆಯಲ್ಲಿ ಒಂದು ಸ್ಟುಡಿಯೋ ಇತ್ತು. ಅವ್ವನನ್ನೂ ನನ್ನನ್ನೂ ಕೂರಿಸಿ ಒಂದು ಫೋಟೋ ತೆಗೆಸಬೇಕೆಂದು ಅಪ್ಪ ಒಮ್ಮೆ ಬಾಯಿಬಿಟ್ಟ. "ನನ್ನ ಹೆಣಾ ಹೋದ ಮ್ಯಾಲೆ ತಗಸ್ಕೋರಿ" ಎಂದಳು ಆಯಿ. ಅಲ್ಲಿಗೆ ಮುಗಿಯಿತು.

ಹಾಗಾಗಿ ಅವ್ವನ ಮುಖ ಉಳಿದದ್ದು ಒಂದೇ ಕಡೆ, ಒಂದು ದೆವ್ವದ ಸಿನಿಮಾದಲ್ಲಿ. ಅದೂ ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತು. ಅದನ್ನು ಇನ್ನೊಮ್ಮೆ ಸರಿಯಾಗಿ ನೋಡಬೇಕೆಂದು ಅಪ್ಪ ಮತ್ತು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಸಂಪಗಾಂವದ ಹತ್ತಿರದ ಒಂದು ಹಳ್ಳಿಯಲ್ಲಿ ನಾವಿದ್ದೆವು. ಊರಿನ ದೊಡ್ಡ ವಾಡೆಯ ಒಡೆಯರು ಪುಣೆ ಸೇರಿಬಿಟ್ಟಿದ್ದರು. ಅವರ ಹೊಲ ಮಾಡುತ್ತಿದ್ದವನು ನಮ್ಮಪ್ಪ, ಅವರ ವಾಡೆ ಕಾಯುತ್ತಿದ್ದವರು ನಾವು. ಇಷ್ಟು ದೊಡ್ಡ ವಾಡೆಯಲ್ಲಿ ನಾಲ್ಕೇ ಜನ. ಮುಂದಿನ ಪಡಸಾಲೆ, ಅಡುಗೆಮನೆ, ದೇವರ ಕೋಣೆ ನಮ್ಮವು, ಉಳಿದದ್ದೆಲ್ಲ ಪಾರಿವಾಳಗಳದ್ದು. ಪಾರಿವಾಳಗಳ ಕಡೆಗೂ ಅವ್ವ ಕಸಬರಿಗೆ ಹಿಡಿದು ಹೋಗುತ್ತಿದ್ದಳು, ಆ ಮಾತು ಬೇರೆ.

ಸಿನಿಮಾದವರು ಮೊದಲು ಹೋದದ್ದು ಕಿತ್ತೂರಿಗೆ. ಅಲ್ಲಿ ಅರಮನೆ ಇದೆ ಎಂದು ಯಾರೋ ಹೇಳಿದ್ದರಂತೆ. ಹೋಗಿ ನೋಡಿದರೆ ಗೋಡೆಗಳಿವೆ, ಸೂರಿಲ್ಲ. ದೆವ್ವಕ್ಕೂ ತಲೆಯ ಮೇಲೆ ಸೂರು ಬೇಕಲ್ಲ. ಅಲ್ಲಿಂದ ಯಾರದೋ ಮಾತು ಹಿಡಿದು ನಮ್ಮ ವಾಡೆಗೆ ಬಂದರು. ಪುಣೆಯಿಂದ ಒಡೆಯರ ಒಪ್ಪಿಗೆಯೂ ಬಂತು. ಎರಡು ವ್ಯಾನು, ಒಂದು ಲಾರಿ, ಲೈಟುಗಳು, ಬಿಳೀ ಬೂಟಿನ ಹೀರೋ, ಛತ್ರಿ ಹಿಡಿಸಿಕೊಂಡು ನಡೆಯುವ ಹೀರೋಯಿನ್ನು. ಊರಿಗೆ ಊರೇ ನಮ್ಮ ಅಂಗಳದಲ್ಲಿ ನೆರೆಯಿತು.

ಬಂದವರು ಮೊದಲು ಮಾಡಿದ್ದು ನಮ್ಮ ಮನೆಯನ್ನು ಹೊಲಸು ಮಾಡುವ ಕೆಲಸ. ಅವ್ವ ಹೆಂಡಿ ಹಾಕಿ ಸಾರಿಸಿದ ಪಡಸಾಲೆಯ ಮೇಲೆ ಚೀಲಗಟ್ಟಲೆ ಮಣ್ಣಿನ ಪುಡಿ ಚೆಲ್ಲಿದರು. ಬಾಗಿಲ ಮೂಲೆಗಳಿಗೆಲ್ಲ ಅಂಟಿನಿಂದ ಮಾಡಿದ ಜೇಡರ ಬಲೆ ಹೊಡೆದರು. ಅದಕ್ಕೊಂದು ಸಣ್ಣ ಯಂತ್ರವೇ ಇತ್ತು, ಬೀಸಣಿಕೆಯ ಹಾಗೆ ತಿರುಗಿ ಎಳೆ ಎಳೆಯಾಗಿ ಉಗುಳುತ್ತಿತ್ತು. ಬೀಸುವ ಕಲ್ಲಿನ ಮೇಲೆ ಹರಕು ಚಾದರ ಹೊದಿಸಿದರು. ಬೀಸುವ ಕಲ್ಲು ಕಂಡರೆ ದೆವ್ವದ ಮನೆ ಅನ್ನಿಸುವುದಿಲ್ಲವಂತೆ. ಸಂಜೆಯವರೆಗೆ ದುಡಿದು ಮನೆಯನ್ನು ನೂರು ವರ್ಷ ಪಾಳುಬಿದ್ದ ಹಾಗೆ ಮಾಡಿ, ಬೈಲಹೊಂಗಲದ ಖೋಲಿಗಳಿಗೆ ಮಲಗಲು ಹೋದರು.

ಮರುದಿನ ಬೆಳಿಗ್ಗೆ ಬಂದು ನೋಡಿದರೆ ಮನೆ ಲಕಲಕ ಹೊಳೆಯುತ್ತಿದೆ. ಅವ್ವ ಕೋಳಿ ಕೂಗುವ ಮೊದಲೇ ಎದ್ದು ಗುಡಿಸಿ, ಬಲೆ ತೆಗೆದು, ಸಾರಿಸಿ, ಹೊಸ್ತಿಲಿಗೆ ರಂಗೋಲಿ ಹಾಕಿ ಮುಗಿಸಿದ್ದಳು. ಡೈರೆಕ್ಟರ್ ತಲೆಯ ಮೇಲೆ ಕೈ ಹೊತ್ತು ಕುಳಿತ. ಆತ ಮೈಸೂರು ಕಡೆಯವನು, ಮಾತು ಮೃದು.

"ಅಮ್ಮಾ, ಏನು ಮಾಡಿಬಿಟ್ಟಿರಿ? ಆ ಬಲೆ ಎಲ್ಲ ಏನಾಯ್ತು?"

"ಜೇಡರ ಬಲಿ ಕಟ್ಟಿತ್ರಿ, ತಗದ ಒಗದೇನಿ" ಎಂದಳು ಅವ್ವ, ಉಪಕಾರ ಮಾಡಿದವಳ ಹಾಗೆ.

"ನೋಡಿ, ಇದು ಪಾಳುಮನೆ. ಇಲ್ಲಿ ಯಾರೂ ಇಲ್ಲ."

"ಯಾರೂ ಇಲ್ಲಂದ್ರ? ನಾವು ಅದೇವಲ್ಲರಿ."

ಪಕ್ಕದಲ್ಲಿದ್ದ ಅಪ್ಪ ನಗು ತಡೆಯಲಾರದೆ ದನದ ಕೊಟ್ಟಿಗೆ ಕಡೆ ಹೋಗಿಬಿಟ್ಟ. ಮರುದಿನವೂ ಇದೇ ಆಯಿತು, ಸ್ವಲ್ಪ ಕಡಿಮೆ. ರಂಗೋಲಿಯನ್ನಷ್ಟೇ ಹಾಕಿದ್ದಳು. ಹೊಸ್ತಿಲು ಬೋಳಾಗಿ ಬಿಡಲು ಕೈ ಬರಲಿಲ್ಲವಂತೆ. ಕೊನೆಗೆ ಡೈರೆಕ್ಟರ್ ಅಪ್ಪನನ್ನು ಕರೆದು ಕೈಮುಗಿದ. ಅಪ್ಪ ಅವ್ವನಿಗೆ ತಿಳಿಸಿ ಹೇಳಿದ. ಅವರು ಇರುವಷ್ಟು ದಿನ ಹಿತ್ತಲ ಕಡೆಯೇ ಇರಬೇಕು, ಕರೆದ ಹೊರತು ಮುಂದೆ ಬರಬಾರದು. ಅವ್ವ ಸಿಟ್ಟಿನಿಂದ ಆಯಿತು ಎಂದಳು. ಸ್ವಂತ ಮನೆಯಲ್ಲಿ ಕಸ ತುಳಿದುಕೊಂಡು ಓಡಾಡುವುದು ಅವಳಿಗೆ ಉಣ್ಣುವ ತಾಟಿನಲ್ಲಿ ಮಣ್ಣು ಬಿದ್ದಷ್ಟು ಸಂಕಟ.

ಆ ದಿನ ಸಂಜೆ ಹೊತ್ತು ಮುಳುಗುವ ಬೆಳಕಿನಲ್ಲಿಯೇ ಒಂದು ದೃಶ್ಯ ತೆಗೆಯಬೇಕಾಗಿತ್ತು. ಪಾಳುಮನೆಯ ಪಡಸಾಲೆಯ ನಟ್ಟನಡುವೆ ಹೀರೋಯಿನ್ನು ಒಬ್ಬಳೇ ನಿಂತು ಸುತ್ತ ನೋಡಬೇಕು, ಅಷ್ಟೇ. ಕ್ಯಾಮೆರಾ ಅಂಗಳದಲ್ಲಿತ್ತು. ಅದರ ಪಕ್ಕದ ತಗಡಿನ ಪೆಟ್ಟಿಗೆಯ ಮೇಲೆ ನಾನು ಕುಳಿತಿದ್ದೆ. ಕ್ಯಾಮೆರಾದವನಿಗೆ ನನ್ನ ವಯಸ್ಸಿನ ಮಗಳಿದ್ದಳಂತೆ, ಕುಳಿತುಕೋ ಎಂದಿದ್ದ. ಏನೇನೋ ತಡವಾಗಿ, ಬೆಳಕು ಹೋಗುತ್ತಿದೆ ಎಂದು ಎಲ್ಲರೂ ಒದ್ದಾಡಿ, ಅಂತೂ ಕ್ಯಾಮೆರಾ ತಿರುಗಿತು. ಹೀರೋಯಿನ್ನು ಕಣ್ಣರಳಿಸಿ ನಿಂತಳು.

ಆಗ ಎಡಗಡೆಯ ದೇವರ ಕೋಣೆಯಿಂದ ಅವ್ವ ಬಂದಳು. ಕೈಯಲ್ಲಿ ಹಣತೆ. ಹೊತ್ತು ಮುಳುಗಿದೆ, ಬಾಗಿಲ ಪಕ್ಕದ ಗೂಡಿಗೆ ದೀಪವಿಲ್ಲ. ಕಸವನ್ನಾದರೂ ಸಹಿಸಿಕೊಂಡಾಳು, ಹೊತ್ತು ಮುಳುಗಿದ ಮೇಲೆ ಕತ್ತಲ ಮನೆ ಇಡುವುದು ಅವಳಿಂದಾಗದ ಮಾತು. ಸಿನಿಮಾ, ಕ್ಯಾಮೆರಾ, ಅಪ್ಪನ ಮಾತು ಯಾವುದೂ ಅವಳ ತಲೆಯಲ್ಲಿ ಇರಲಿಕ್ಕಿಲ್ಲ. ಸೀದಾ ಬಂದು ಗೂಡಿನ ಅಂಟು ಬಲೆಯನ್ನು ಕೈಯಿಂದ ಸರಿಸಿ ಹಣತೆ ಇಟ್ಟಳು, ಕೈಮುಗಿದಳು, ಈ ಕಡೆ ತಿರುಗಿದಳು. ಬೆನ್ನ ಹಿಂದೆ ಬೆಳಕು ಬಿದ್ದದ್ದಕ್ಕೆ ಹೀರೋಯಿನ್ನು ಹೊರಳಿ ನೋಡಿ ಚಿಟ್ಟನೆ ಚೀರಿದಳು. ಅದು ನಟನೆಯ ಚೀರಾಟವಲ್ಲ. ಲೈಟಿನ ಹುಡುಗರೂ ಎದ್ದು ಓಡಿದರು. ನನಗೆ ಆ ಸಂಜೆಯದು ನೆನಪಿರುವುದು ಆ ಚೀರಾಟ, ಆಮೇಲಿನ ಗದ್ದಲ ಮಾತ್ರ. ಬೈಯುತ್ತಾರೆ ಎಂದುಕೊಂಡಿದ್ದೆವು. ಡೈರೆಕ್ಟರ್ ಬಂದು ಅವ್ವನಿಗೆ ಕೈಮುಗಿದು, ಇಂಥದ್ದು ದುಡ್ಡು ಕೊಟ್ಟರೂ ಸಿಗುವುದಿಲ್ಲ ಎಂದು ಹೇಳಿ ಹೋದ. ಏನು ಸಿಗುವುದಿಲ್ಲ ಎಂದು ನಮಗಾರಿಗೂ ತಿಳಿಯಲಿಲ್ಲ.

ತಿಳಿದದ್ದು ಮರುವರ್ಷ, ಬೈಲಹೊಂಗಲದ ಟೂರಿಂಗ್ ಟಾಕೀಸಿಗೆ ಸಿನಿಮಾ ಬಂದಾಗ. ಆಯಿಯನ್ನು ಬಿಟ್ಟು ನಾವು ಮೂವರು ಚಕ್ಕಡಿ ಕಟ್ಟಿಕೊಂಡು ಮೊದಲನೇ ಆಟಕ್ಕೆ ಹೋದೆವು. ಅದು ಸಿನಿಮಾಸ್ಕೋಪು. ಚಿತ್ರ ಅಗಲ, ಟೆಂಟಿನ ಪರದೆ ಸಣ್ಣದು. ಪರದೆಯಲ್ಲಿ ಹಿಡಿಸದೆ ಉಳಿದದ್ದು ಎರಡೂ ಪಕ್ಕದ ಟೆಂಟಿನ ಅರಿವೆಯ ಮೇಲೆ ಚೆಲ್ಲುತ್ತಿತ್ತು. ಮೂಲೆಯಲ್ಲಿ ನಿಂತ ಪಾತ್ರಗಳು ಅರ್ಧ ಪರದೆಯ ಮೇಲೆ, ಅರ್ಧ ಮಾಸಲು ತಾಡಪತ್ರಿಯ ಮೇಲೆ. ಯಾರಿಗೂ ಅದೊಂದು ಕೊರತೆ ಅನ್ನಿಸಿರಲಿಲ್ಲ. ಮಳೆ ಬಂದರೆ ಕೊಡೆ ಬಿಚ್ಚಿ ಸಿನಿಮಾ ನೋಡಿದ ಮಂದಿ ನಾವು.

ಕಥೆ ಏನೆಂದರೆ, ಆ ಮನೆಯ ಸೊಸೆ ಸತ್ತು ದೆವ್ವವಾಗಿದ್ದಾಳೆ. ಬಿಳೀ ಸೀರೆ ಉಟ್ಟು, ಕೂದಲು ಬಿಟ್ಟು ಒಬ್ಬ ನಟಿ ಅಲ್ಲಲ್ಲಿ ತೇಲಾಡುತ್ತಿದ್ದಳು. ಅವಳಿಗೆ ಜನ ಅಷ್ಟಾಗಿ ಹೆದರಲಿಲ್ಲ, ಹಿಂದಿನ ಸಾಲಿನವರು ಶೇಂಗಾ ಸುಲಿಯುತ್ತ ಸಿಳ್ಳೆ ಹೊಡೆದರು. ನಡುವೆ ಹೀರೋಯಿನ್ನು ಪಡಸಾಲೆಗೆ ಬಂದಳು. ಎಡಗಡೆಯಿಂದ ಹಸಿರು ಇಳಕಲ್ ಸೀರೆಯಲ್ಲಿ, ಹಣೆತುಂಬ ಕುಂಕುಮದ ನಮ್ಮವ್ವ ದೀಪ ಹಿಡಿದು ಬಂದಳು. ಸಂಗೀತ ಕುಂಯ್ ಎಂದಿತು. ಆಕೆ ದೀಪ ಇಟ್ಟು ತಿರುಗಿದ್ದೇ ತಡ, ಇಡೀ ಟೆಂಟು ಚೀರಿತು. ಮುಂದಿದ್ದ ಹುಡುಗರು ಅಳತೊಡಗಿದರು. ಪಕ್ಕದಲ್ಲಿ ಕುಳಿತಿದ್ದ ಮುದುಕಿ ಥೂ ಥೂ ಎಂದು ಉಗುಳಿ ಸೆರಗಿನಿಂದ ದೃಷ್ಟಿ ತೆಗೆದುಕೊಂಡಳು. ದೆವ್ವ ತನ್ನ ಮಗ್ಗುಲಲ್ಲಿಯೇ ಸೆರಗು ಕಚ್ಚಿಕೊಂಡು ಕುಳಿತಿದೆ ಎಂದು ಅವಳಿಗೇನು ಗೊತ್ತು.

ಮರುದಿನ ಅವ್ವ ರೊಟ್ಟಿ ಬಡಿಯುತ್ತ ಅಪ್ಪನನ್ನು ಕೇಳಿದಳು. ಆಗಲೂ ಅವಳ ಮುಖ ಸಣ್ಣದಾಗಿತ್ತು.

"ಹೌದ್ರಿ, ನಾ ಹಂಗ ಕಾಣ್ತೇನೇನು, ಮಂದಿ ಚೀರೂ ಹಂಗ?"

ಅಪ್ಪ ಚಟ್ನಿ ನೆಕ್ಕುತ್ತ ಹೇಳಿದ: "ಹೊತ್ತು ಮುಣುಗಿದ ಕೂಡಲೆ ದೀಪಾ ಹಚ್ಚೂ ದೆವ್ವ ಸಿಕ್ರ ಯಾವ ಮನ್ಯಾಗ ಬ್ಯಾಡಂತಾರ?"

ಅವ್ವ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಊರಿನ ಹುಡುಗರು ದೆವ್ವ ಬಂತು ದೆವ್ವ ಬಂತು ಎಂದು ಕೂಗಿದರೆ, "ಬರ್ರಿ, ಹಿಡೀತೇನಿ" ಎಂದು ಓಡಿಸಿಕೊಂಡು ಹೋಗಿ, ಸಿಕ್ಕವರಿಗೆ ಒಂದೊಂದು ಬೊಗಸೆ ಹುರಿದ ಶೇಂಗಾ ಕೊಡುತ್ತಿದ್ದಳು. ನನ್ನ ಪಾಲಿಗೆ ಆ ದಿನಗಳೇ ದಿನಗಳು. ದೆವ್ವದ ಮಗಳೆಂದು ಸಾಲೆಯಲ್ಲಿ ನನಗೆ ಮುಂದಿನ ಜಾಗ ಸಿಗುತ್ತಿತ್ತು.

ಅದೇ ವರ್ಷ ಮಳೆಗಾಲದಲ್ಲಿ ಅವ್ವನಿಗೆ ಕಾಮಾಲೆಯಾಯಿತು. ನಾಟಿ ಔಷಧ ಹಾಕಿಸಿದರು, ಬೈಲಹೊಂಗಲದ ದವಾಖಾನೆಗೆ ಒಯ್ದರು. ಅವ್ವ ಹೋಗಿಬಿಟ್ಟಳು. ಇಷ್ಟು ವರ್ಷವಾದರೂ ಇದನ್ನು ಇದಕ್ಕಿಂತ ಉದ್ದ ಹೇಳಲು ನನಗೆ ಬರುವುದಿಲ್ಲ.

ಆಯಿ ಎದೆ ಬಡಿದುಕೊಂಡು ಅತ್ತಳು. ಮುತ್ತೈದೆಯನ್ನು ಸತ್ತವಳೆಂದು ತೋರಿಸಿದರು, ಆ ಸಿನಿಮಾ ನನ್ನ ಸೊಸೆಯನ್ನು ತಿಂದಿತು ಎಂದಳು. ಆ ಸಿನಿಮಾದ ಹೆಸರನ್ನು ಮನೆಯಲ್ಲಿ ಯಾರೂ ಎತ್ತಬಾರದು ಎಂದು ಅಪ್ಪನ ಕಡೆ ಬೆರಳು ಮಾಡಿ ಹೇಳಿದಳು. ಅಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡ. ದಿನಗಳು ಹೋದಂತೆ ನನಗೊಂದು ಭಯ ಶುರುವಾಯಿತು. ಕಣ್ಣು ಮುಚ್ಚಿದರೆ ಅವ್ವನ ಕೈ ಕಾಣುತ್ತಿತ್ತು, ಸೀರೆ ಕಾಣುತ್ತಿತ್ತು, ಮುಖ ಬರುತ್ತಿರಲಿಲ್ಲ. ಒಂದು ದಿನ ಬಣವೆಯ ಹತ್ತಿರ ಇದನ್ನು ಅಪ್ಪನಿಗೆ ಹೇಳಿ ಅತ್ತುಬಿಟ್ಟೆ.

"ನನಗೂ ಹಂಗ ಆಗೇತಿ" ಎಂದ. "ಆ ಸಿನಿಮಾ ಮತ್ತ ಎಲ್ಲೆರ ಬರತೈತಿ ತಗೋ. ಊರಿಗೆ ಬಂದಾಕಿ ನೀರಿಗೆ ಬರದಂಗ ಇರ್ತಾಳೇನು?"

ನೇಸರಗಿಯ ಸಂತೆಗೆ ಹೋದವರು ಅಲ್ಲಿಯ ಟೆಂಟಿಗೆ ಅದೇ ಸಿನಿಮಾ ಬಂದಿದೆ ಎಂದು ಸುದ್ದಿ ತಂದರು. ಎತ್ತು ನೋಡಿ ಬರುತ್ತೇವೆಂದು ಆಯಿಗೆ ಹೇಳಿ ಅಪ್ಪ ನನ್ನನ್ನು ಬಸ್ಸಿಗೆ ಹತ್ತಿಸಿದ. ಎತ್ತು ನೋಡಲು ಹುಡುಗಿ ಯಾಕೆ ಎಂದು ಆಯಿ ಕೇಳಲಿಲ್ಲ. ಟೆಂಟಿನಲ್ಲಿ ಎಲ್ಲರೂ ನಡುವೆ ಕುಳಿತರೆ ಅಪ್ಪ ನನ್ನನ್ನು ಎಡಗಡೆಯ ಅಂಚಿಗೆ, ತಾಡಪತ್ರಿಯ ಬುಡಕ್ಕೆ ಕರೆದುಕೊಂಡು ಹೋದ. ಅವ್ವ ಬೀಳುವುದು ಅಲ್ಲಿಯೇ ಎಂದು ಆತನಿಗೆ ನೆನಪಿತ್ತು. ದೃಶ್ಯ ಬಂತು. ಅವ್ವ ಬಂದಳು, ದೀಪ ಇಟ್ಟಳು, ತಿರುಗಿದಳು. ಆದರೆ ಗಾಳಿಗೆ ತಾಡಪತ್ರಿ ಮಡಿಕೆ ಮಡಿಕೆಯಾಗಿ ಆಡುತ್ತಿತ್ತು. ಅವ್ವನ ಮುಖ ಆ ಮಡಿಕೆಗಳೊಳಗೆ ಸಿಕ್ಕಿ ಹೋಯಿತು.

ಮುಂದೆ ಸಿನಿಮಾ ಸವದತ್ತಿಗೆ ಬಂದಾಗ ಅಪ್ಪ ತಯಾರಾಗಿದ್ದ. ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬರುತ್ತೇವೆಂದು ಹೇಳಿ ಹೊರಟಿದ್ದರಿಂದ, ಮೊದಲು ಗುಡ್ಡ ಹತ್ತಿ ಆಯಿ ಕಟ್ಟಿಕೊಟ್ಟ ಕಾಯಿ ಒಡೆಸಿದೆವು. ಇಳಿದು ಬಂದು ಟೆಂಟಿನಲ್ಲಿ ಅದೇ ಎಡಗಡೆಯ ಅಂಚಿನಲ್ಲಿ ಕುಳಿತೆವು. ಹೀರೋಯಿನ್ನು ಪಡಸಾಲೆಗೆ ಬಂದ ಕೂಡಲೇ ಅಪ್ಪ ಎದ್ದ. ತಾಡಪತ್ರಿಯ ಕೆಳಗಿನ ಅಂಚನ್ನು ಎರಡೂ ಕೈಯಿಂದ ಹಿಡಿದು, ಕಾಲು ಊರಿ, ಬಿಗಿಯಾಗಿ ಜಗ್ಗಿ ನಿಂತ. ಮಡಿಕೆಗಳೆಲ್ಲ ಬಿಚ್ಚಿಕೊಂಡು ಅರಿವೆ ನೆಟ್ಟಗಾಯಿತು. ಅದರ ಮೇಲೆ ಅವ್ವ ಬಂದು ದೀಪ ಇಟ್ಟು ತಿರುಗಿದಳು. ಮಾಸಲು ಅರಿವೆಯ ಮೇಲೆ ಕಣ್ಣು, ಮೂಗು, ಕುಂಕುಮ ಇಷ್ಟು ಗೊತ್ತಾಗುತ್ತಿತ್ತು, ಅದಕ್ಕಿಂತ ಹೆಚ್ಚಿಲ್ಲ. ಜನ ಚೀರಿದರು. ಟೆಂಟಿನವನು, "ಏ ಯಾಂವಪಾ ಅಂವ, ತಂಬು ಕೆಡವತಿ ಏನಲೇ" ಎಂದು ಬೊಬ್ಬೆ ಹೊಡೆದ. ಅಪ್ಪನ ಮುಖದ ಮೇಲೆ ಆ ಬೆಳಕು ಬಿದ್ದಿತ್ತು. ನಾನು ಒಮ್ಮೆ ಅವ್ವನನ್ನು, ಒಮ್ಮೆ ಅಪ್ಪನನ್ನು ನೋಡಿದೆ. ಅಳು ಬಂದು ಕಣ್ಣು ಮಂಜಾಗಿ ಇಬ್ಬರನ್ನೂ ಸರಿಯಾಗಿ ನೋಡಲಿಲ್ಲ.

ಮೂರನೆಯ ಸಲ ರಾಮದುರ್ಗ. ಈ ಸಲ ಏನು ಸುಳ್ಳು ಹೇಳಬೇಕೆಂದು ಅಪ್ಪ ಯೋಚಿಸುತ್ತ ಕುಳಿತಿದ್ದಾಗ ಆಯಿ ಒಳಗಿನಿಂದ ಬಂದಳು. ಒಳ್ಳೆಯ ಸೀರೆ ಉಟ್ಟಿದ್ದಳು, ಕೈಯಲ್ಲಿ ರೊಟ್ಟಿಯ ಗಂಟು.

"ಎತ್ತೂ ಆತು, ಯಲ್ಲಮ್ಮನೂ ಆತು. ಇನ್ನ ನನ್ನೂ ಕರಕೊಂಡು ನಡಿ" ಎಂದಳು. "ನನ್ನ ಸೊಸೀನ ನಾನೂ ನೋಡತೇನಿ."

ಅಪ್ಪ ಏನೋ ಹೇಳಲು ಬಾಯಿ ತೆರೆದ. "ಬಸ್ಸು ಹೋಗತೈತಿ" ಎಂದು ಆಯಿ ಮುಂದೆ ನಡೆದಳು.

ಸವದತ್ತಿ ದಾಟಿ ದೂರದ ದಾರಿ. ಆಯಿ ದಾರಿಯುದ್ದಕ್ಕೂ ಬಸ್ಸಿನ ಕಂಡಕ್ಟರನ ಜೊತೆ ಜಗಳ ತೆಗೆದಳು, ಕಿಟಕಿಯ ಪಕ್ಕ ಕುಳಿತಿದ್ದವನನ್ನು ಎಬ್ಬಿಸಿ ನನ್ನನ್ನು ಕೂರಿಸಿದಳು. ರಾಮದುರ್ಗದ ಟೆಂಟಿನ ಪರದೆ ಉಳಿದವುಗಳಿಗಿಂತ ಅಗಲವಾಗಿತ್ತು. ಅದನ್ನು ನೋಡಿ ಅಪ್ಪ ನನ್ನ ಭುಜ ಹಿಡಿದು ಅಲುಗಿಸಿದ. ಇವತ್ತು ತಾಡಪತ್ರಿ ಜಗ್ಗಬೇಕಾಗಿಲ್ಲ, ಅವ್ವ ಪೂರ್ತಿ ಪರದೆಯ ಮೇಲೆಯೇ ಬರುತ್ತಾಳೆ. ಆಯಿ ಜೀವಮಾನದಲ್ಲಿ ಸಿನಿಮಾ ನೋಡಿದವಳಲ್ಲ. ಬಿಳೀ ಸೀರೆಯ ದೆವ್ವ ಬಂದಾಗ, "ಈ ಕೂಸಿಗೆ ತಲಿ ಬಾಚಾವ್ರು ಯಾರೂ ಇಲ್ಲೇನು" ಎಂದು ಗಟ್ಟಿಯಾಗಿ ಕೇಳಿ ಸುತ್ತಲಿನವರನ್ನು ನಗಿಸಿದಳು.

ಪಡಸಾಲೆ ಬಂತು. ಚಿತ್ರದ ತುಂಬ ಮಳೆ ಸುರಿದ ಹಾಗೆ ಗೆರೆಗಳು. ಅವ್ವ ಬಂದಳು, ಹಣತೆ ಇಟ್ಟಳು. ದೀಪ ಗೂಡಿನಲ್ಲಿ ನಿಂತ ಕೂಡಲೇ ಆಯಿ ಎರಡೂ ಕೈ ಜೋಡಿಸಿ ಹಣೆಗೆ ಒತ್ತಿಕೊಂಡಳು. ಮನೆಯಲ್ಲಿ ದಿನಾ ಸಂಜೆ ಅವ್ವ ದೀಪ ಇಟ್ಟಾಗ ಕುಳಿತಲ್ಲಿಂದಲೇ ಕೈಮುಗಿಯುತ್ತಿದ್ದಳಲ್ಲ, ಹಾಗೆಯೇ. ಪರದೆಯ ಮೇಲೆ ಅವ್ವನೂ ಕೈಮುಗಿದಳು. ಇನ್ನು ತಿರುಗುತ್ತಾಳೆ ಎಂದು ನಾನು ಮುಂದಕ್ಕೆ ಬಾಗಿದೆ. ಪರದೆ ಒಮ್ಮೆ ಬೆಳ್ಳಗೆ ಜಿಗಿಯಿತು, ಅವ್ವನ ಮುಖ ಬರಲೇ ಇಲ್ಲ, ಹೀರೋಯಿನ್ನು ಹೊರಗೆ ಓಡುತ್ತಿದ್ದಳು.

"ಮಾರಿ ಎಲ್ಲೋ?" ಎಂದಳು ಆಯಿ. "ಅಕಿ ಮಾರೀನ ತೋರಿಸಲಿಲ್ಲಲ್ಲೋ."

ಆಟ ಮುಗಿದ ಮೇಲೆ ಅಪ್ಪ ಯಂತ್ರದ ಕೋಣೆಗೆ ಹೋಗಿ ಕೇಳಿದ. ಯಂತ್ರದವನು ರೀಲು ಸುತ್ತುತ್ತಿದ್ದ. ಹಿಂದಿನ ಊರಿನಲ್ಲಿ ರೀಲು ಸಿಕ್ಕಿ ಸುಟ್ಟಿತು, ಆ ತುಂಡನ್ನು ಕತ್ತರಿಸಿ ಉಳಿದದ್ದನ್ನು ಜೋಡಿಸಿದೆ ಎಂದ. ಆ ತುಂಡು ಎಲ್ಲಿದೆ ಎಂದು ಅಪ್ಪ ಕೇಳಿದ. "ಒಗದೇನ್ರಿ. ಅಂಥಾ ದೊಡ್ಡದೇನಲ್ಲ, ಗೇಣುದ್ದ" ಎಂದ ಆತ, ಸಮಾಧಾನ ಮಾಡುವವನ ಹಾಗೆ. ನಮ್ಮವ್ವ ಗೇಣುದ್ದ ಇದ್ದಳು, ಅದನ್ನೂ ಒಗೆದಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಆಯಿ ರೊಟ್ಟಿಯ ಗಂಟು ಬಿಚ್ಚಿದಳು, ಯಾರೂ ಉಣ್ಣಲಿಲ್ಲ. "ಒಂದು ಫೋಟೋ ತಗಸೂನು ಅಂದಿದ್ದಿ ನೀ" ಎಂದು ಅಪ್ಪನಿಗೆ ಹೇಳಿ ಗೋಡೆಯ ಕಡೆ ಮುಖ ಮಾಡಿ ಕುಳಿತಳು. ಆಮೇಲೆ ಆ ಸಿನಿಮಾ ನಮ್ಮ ಕಡೆಗೆ ಬರಲಿಲ್ಲ.

ಮುಂದಿನ ದಶಕದಲ್ಲಿ ಟಿವಿ, ವಿಡಿಯೋ ಕ್ಯಾಸೆಟ್ಟು ಬಂದವು. ಆಯಿ ಅಷ್ಟೊತ್ತಿಗೆ ಇರಲಿಲ್ಲ. ನನ್ನ ಮದುವೆಯಾಗಿ ಬೈಲಹೊಂಗಲಕ್ಕೆ ಬಂದಿದ್ದೆ, ಅಪ್ಪನೂ ನಮ್ಮ ಜೊತೆಗೇ ಇದ್ದ. ಬೆಳಗಾವಿಯ ಒಂದು ಅಂಗಡಿಯಲ್ಲಿ ಆ ಸಿನಿಮಾದ ಕ್ಯಾಸೆಟ್ಟು ಸಿಕ್ಕಿತು. ವಿಸಿಆರ್ ಬಾಡಿಗೆಗೆ ತಂದು ಹಾಕಿದೆವು. ಬಣ್ಣಗಳು ಒಂದರೊಳಗೊಂದು ಹರಿದು ಹೀರೋನ ಮುಖ ಹಸಿರಾಗಿತ್ತು. ಇರಲಿ ಎಂದು ಕಾದೆವು. ಪಡಸಾಲೆ ಬಂತು, ನಡುವೆ ಹೀರೋಯಿನ್ನು ನಿಂತಳು, ಎಡಗಡೆಯಿಂದ ಅವಳ ಕೆನ್ನೆಯ ಮೇಲೆ ದೀಪದ ಬೆಳಕು ಬಿತ್ತು, ಅವಳು ಚೀರಿದಳು. ಅವ್ವ ಇಲ್ಲ. ದೀಪವೂ ಇಲ್ಲ. ಅಗಲ ಚಿತ್ರವನ್ನು ಟಿವಿಯ ಡಬ್ಬಿಗೆ ಹೊಂದಿಸಲು ಎರಡೂ ಪಕ್ಕ ಕತ್ತರಿಸಿ ನಡುವಿನದಷ್ಟೇ ಇಟ್ಟಿದ್ದರು. ಅಪ್ಪ ಕುಳಿತಲ್ಲಿಂದಲೇ ಕುತ್ತಿಗೆ ಚಾಚಿ ಟಿವಿಯ ಎಡಗಡೆಗೆ ನೋಡಿದ, ಬಾಗಿಲ ಮರೆಯಲ್ಲಿ ಯಾರೋ ನಿಂತಿದ್ದಾರೇನೋ ಎಂಬ ಹಾಗೆ. ಅಲ್ಲಿ ನಮ್ಮ ಮನೆಯ ಕ್ಯಾಲೆಂಡರ್ ಇತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಅನ್ನುತ್ತಾರಲ್ಲ, ಆ ಕ್ಯಾಸೆಟ್ಟು ಮಾಡಿದವನನ್ನು ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಅದಾದ ಮೇಲೆ ಬಂದ ಸಿಡಿಯೂ ಅದೇ ಕತ್ತರಿಸಿದ ಚಿತ್ರದ ಮರಿ. ಅದರಲ್ಲಿ ಕತ್ತಲೆಯೆಲ್ಲ ಚೌಕ ಚೌಕವಾಗಿ ಒಡೆದು, ದೆವ್ವದ ಮನೆ ಕೌದಿಯ ಹಾಗೆ ಕಾಣುತ್ತಿತ್ತು.

ಹೋದ ವರ್ಷ ಮಗಳು ಹೊಸ ಡಿಸ್ಕು ತಂದಳು. ಯಾರೋ ಮೂಲ ನೆಗೆಟಿವ್ ಹುಡುಕಿ, ತೊಳೆದು, ಪೂರ್ತಿ ಅಗಲದಲ್ಲಿ ಮಾಡಿದ್ದಾರಂತೆ. ನನಗೆ ನಂಬಿಕೆ ಇರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಕಿಟಕಿಯ ಪರದೆ ಎಳೆದು ಡಿಸ್ಕು ಹಾಕಿದಳು. ಅಪ್ಪನಿಗೆ ಈಗ ಕಿವಿ ಮಂದ, ಆದರೆ ಪೊರೆ ತೆಗೆಸಿದ ಮೇಲೆ ಕಣ್ಣು ಚುರುಕು. ಖುರ್ಚಿಯನ್ನು ಟಿವಿಯ ಹತ್ತಿರಕ್ಕೆ ಜರುಗಿಸಿಕೊಂಡು ಕುಳಿತ.

ದೆವ್ವದ ಸಿನಿಮಾ ಎಂದು ಕೊಂಡವರು ಆ ಡಿಸ್ಕಿನವರನ್ನು ಬೈದಿರಬೇಕು. ಎಲ್ಲವೂ ಕಾಣುತ್ತದೆ. ಬಿಳೀ ಸೀರೆಯವಳನ್ನು ಎತ್ತಿದ ತಂತಿ ಕಾಣುತ್ತದೆ, ಬಾವಲಿಯ ದಾರ ಕಾಣುತ್ತದೆ, ಜೇಡರ ಬಲೆಯ ಅಂಟು ಜೋತಾಡುವುದು ಕಾಣುತ್ತದೆ. ಒಂದು ಕಡೆಯೂ ಹೆದರಿಕೆಯಾಗಲಿಲ್ಲ. ನನಗೆ ಬೇಕಾದದ್ದು ಬೇರೆ. ಆ ವಾಡೆ ಬಿದ್ದು, ಕಲ್ಲುಗಳೆಲ್ಲ ಯಾರ್ಯಾರದೋ ಮನೆಯ ಬುನಾದಿ ಸೇರಿ ಎಷ್ಟೋ ವರ್ಷವಾಗಿದೆ. ಇಲ್ಲಿ ಅದು ನಿಂತಿತ್ತು. ಅಪ್ಪನ ಬಾರುಕೋಲು ತೂಗುಹಾಕುವ ಗೂಟ, ಎಣ್ಣೆಯ ಕೈ ತಗುಲಿ ಕಪ್ಪಾದ ಕಂಬ, ಹರಕು ಚಾದರದ ಕೆಳಗೆ ಬೀಸುವ ಕಲ್ಲಿನ ಉಬ್ಬು. ಅಪ್ಪ ಒಂದೊಂದನ್ನೂ ಬೆರಳಿನಿಂದ ತೋರಿಸುತ್ತಿದ್ದ.

ಪಡಸಾಲೆಗೆ ಹೀರೋಯಿನ್ನು ಬಂದು ನಿಂತಳು. ನಾನು ಅಪ್ಪನ ಖುರ್ಚಿಯ ಕೈ ಹಿಡಿದುಕೊಂಡೆ. ಎಡಗಡೆಯಿಂದ ಅವ್ವ ಬಂದಳು. ಪೂರ್ತಿ ಬಂದಳು. ಬಲೆಯನ್ನು ಸರಿಸುವಾಗ ಮುಖದಲ್ಲಿ ಸಿಟ್ಟಿತ್ತು. ಹಣತೆ ಇಟ್ಟಳು, ಕೈಮುಗಿದಳು, ತಿರುಗಿದಳು. ಹಣೆಯ ಮೇಲೆ ಬೆವರು, ಮೂಗಿನಲ್ಲಿ ನತ್ತು. ನನ್ನ ಮಗಳಿಗಿಂತ ಸಣ್ಣವಳು. ಕ್ಯಾಮೆರಾದ ಪಕ್ಕಕ್ಕೆ, ಸ್ವಲ್ಪ ಕೆಳಗೆ, ನಾನು ಪೆಟ್ಟಿಗೆಯ ಮೇಲೆ ಕುಳಿತಿದ್ದ ಕಡೆಗೆ ನೋಡಿದಳು. ಸೆರಗಿನ ಕೆಳಗಿನಿಂದ ಬಲಗೈ ಹೊರಗೆ ಬಂತು. ಅದನ್ನು ನಾವು ಯಾವ ಟೆಂಟಿನಲ್ಲಿಯೂ ನೋಡಿರಲಿಲ್ಲ. ನಾಲ್ಕು ಬೆರಳು ಕೂಡಿಸಿ ಒಳಗೆ ಮಡಿಸಿದಳು. ತುಟಿ ತೆರೆದು ಮುಚ್ಚಿತು. ಊರೂರಿನ ಮಂದಿ ಚೀರಿದ್ದು ಇವಳನ್ನು ನೋಡಿ. ಅವಳು ಹೇಳಿದ್ದು ಇಷ್ಟೇ, ಬಾ. ದೀಪ ಹಚ್ಚಿದ ಮೇಲೆ ಹುಡುಗರು ಅಂಗಳದಲ್ಲಿ ಕೂರಬಾರದು, ಒಳಗೆ ಬಾ.

ಮಗಳು ಅದನ್ನು ಅಲ್ಲಿಯೇ ನಿಲ್ಲಿಸಿದಳು. ಅವ್ವ ಕೈ ಚಾಚಿಕೊಂಡು ನಿಂತಳು. ಅಪ್ಪ ಪರದೆಯಿಂದ ಕಣ್ಣು ತೆಗೆಯದೆ ಮೊಣಕೈಯಿಂದ ನನ್ನನ್ನು ತಿವಿದ.

"ಸುಮ್ಮ ಕುಂತೀಯಲ್ಲ. ಅಕಿ ಕರ್ಯಾಕ ಹತ್ಯಾಳ, ಹೋಗು" ಎಂದ.

ನಾನು ಎದ್ದೆ. ಎದ್ದು ನಿಂತ ಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ.